ಹಗಲಿನ ಡ್ರಾಕುಲಾ, ರಾತ್ರಿಯ ಡ್ರಾಕುಲಾ

1931ರ ಎರಡು ಡ್ರಾಕುಲಾ ಚಿತ್ರಗಳ ಮಾತು ಬಂದರೆ ಸಿನಿಮಾ ಬಲ್ಲವರ ಬಾಯಲ್ಲಿ ಒಂದು ಸಿದ್ಧ ತೀರ್ಪು ಇರುತ್ತದೆ: ಚಿತ್ರವಾಗಿ ಸ್ಪ್ಯಾನಿಷ್‌ನದು ಮೇಲು, ಡ್ರಾಕುಲಾ ಆಗಿ ಇಂಗ್ಲಿಷ್‌ನ ಬೆಲಾ ಲುಗೋಸಿ ಮೇಲು. ಹೇಳಲು ಸಲೀಸು, ಕೇಳಲು ಸಮತೂಕ. ಆದರೆ ಎರಡನ್ನೂ ದೃಶ್ಯಕ್ಕೆ ದೃಶ್ಯ ಎದುರಿಟ್ಟು ನೋಡಿದರೆ ತೀರ್ಪು ಕುಂಟತೊಡಗುತ್ತದೆ. ಕ್ಯಾಮೆರಾ ಗಳಿಸಿದ್ದನ್ನೂ ಕತ್ತರಿ ಕಳೆದದ್ದನ್ನೂ ಒಟ್ಟಾಗಿ ನಟರ ಖಾತೆಗೇ ಬರೆದುಬಿಟ್ಟ ಲೆಕ್ಕ ಅದು. ನಟನಿಗೆ ಎಷ್ಟು ಹೊತ್ತು ಕೊಟ್ಟರು, ಎಷ್ಟು ದೂರದಿಂದ ನೋಡಿದರು, ಮುಖದ ಮೇಲೆ ಯಾವ ಬೆಳಕು ಬಿಟ್ಟರು ಎಂಬುದನ್ನು ಕಳೆದ ಮೇಲೆ ಉಳಿಯುವುದನ್ನಷ್ಟೇ ನಟನೆ ಎನ್ನಬಹುದು. ಹಾಗೆ ಕಳೆದು ನೋಡಿದಾಗ ಸ್ಪರ್ಧೆಯ ನಿಜವಾದ ಅಖಾಡ ಡ್ರಾಕುಲಾನ ಪಾತ್ರವೇ ಅಲ್ಲ, ಅವನ ದಾಸನಾಗುವ ರೆನ್‌ಫೀಲ್ಡ್ ಮತ್ತು ನಾಯಕಿ ಮೀನಾಳ ಪಾತ್ರಗಳು ಎಂಬುದು ನನ್ನ ವಾದ.

ಮೊದಲು ಹಿನ್ನೆಲೆ. ಮಾತು ಬಂದ ಹೊಸತರಲ್ಲಿ ಡಬ್ಬಿಂಗ್ ತಂತ್ರ ಇನ್ನೂ ಒಗ್ಗಿರಲಿಲ್ಲ. ಮೂಕಿ ಚಿತ್ರವಾಗಿದ್ದರೆ ನಡುವಿನ ಬರಹದ ಫಲಕಗಳನ್ನು ಬದಲಿಸಿದರೆ ಯಾವ ದೇಶಕ್ಕಾದರೂ ಕಳಿಸಬಹುದಿತ್ತು. ಟಾಕಿ ಬಂದ ಕೂಡಲೇ ಆ ಮಾರುಕಟ್ಟೆ ಕೈತಪ್ಪುವ ಭಯ ಹಾಲಿವುಡ್ಡಿಗೆ ಹಿಡಿಯಿತು. ಸಿಕ್ಕ ಉಪಾಯ ಸರಳವಾದದ್ದು, ದುಬಾರಿಯಾದದ್ದು: ಅದೇ ಕಥೆ, ಅದೇ ಸೆಟ್ಟು, ಬೇರೆ ಭಾಷೆಯ ಬೇರೆ ನಟರು. ಪ್ಯಾರಾಮೌಂಟ್ ಕಂಪನಿ ಇದಕ್ಕೆಂದೇ ಪ್ಯಾರಿಸ್ ಪಕ್ಕದ ಜ್ವಾನ್‌ವಿಲ್‌ನಲ್ಲಿ ಸ್ಟುಡಿಯೊ ನಡೆಸಿತು. ಡ್ರಾಕುಲಾ ತೆಗೆದ ಯೂನಿವರ್ಸಲ್ ಕಂಪನಿಯಲ್ಲಿ ಇಂಥ ಸ್ಪ್ಯಾನಿಷ್ ಚಿತ್ರಗಳ ಹೊಣೆ ಹೊತ್ತವನು ಪಾಲ್ ಕೋನರ್. ಡ್ರಾಕುಲಾದ ಇಂಗ್ಲಿಷ್ ಚಿತ್ರೀಕರಣ 1930ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗಿ ನವೆಂಬರ್ ನಡುವಿನವರೆಗೆ ಹಗಲಲ್ಲಿ ನಡೆಯಿತು. ಸ್ಪ್ಯಾನಿಷ್ ತಂಡ ಅಕ್ಟೋಬರ್ 10ರಂದು ಆರಂಭಿಸಿ ನವೆಂಬರ್ 8ರೊಳಗೆ ಎಲ್ಲವನ್ನೂ ಮುಗಿಸಿತು, ರಾತ್ರಿ ಪಾಳಿಯಲ್ಲಿ. ಖರ್ಚಿನ ಅಂತರವೂ ದೊಡ್ಡದು: ಇಂಗ್ಲಿಷಿಗೆ ಸುಮಾರು 3 ಲಕ್ಷ 41 ಸಾವಿರ ಡಾಲರ್, ಸ್ಪ್ಯಾನಿಷಿಗೆ ಸುಮಾರು 66 ಸಾವಿರ. ಸೆಟ್ಟಿನ ಖರ್ಚು ಮೊದಲನೆಯದರ ಲೆಕ್ಕದಲ್ಲೇ ಕಳೆದುಹೋಗಿದ್ದರಿಂದ ಈ ಅಂತರವನ್ನು ಬಡತನ ಎಂದು ಓದಬೇಕಿಲ್ಲ.

ಇಂಗ್ಲಿಷಿಗೆ ನಿರ್ದೇಶಕ ಟಾಡ್ ಬ್ರೌನಿಂಗ್, ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್. ಸ್ಪ್ಯಾನಿಷಿಗೆ ನಿರ್ದೇಶಕ ಜಾರ್ಜ್ ಮೆಲ್‌ಫೋರ್ಡ್, ಛಾಯಾಗ್ರಾಹಕ ಜಾರ್ಜ್ ರಾಬಿನ್ಸನ್. ಮೆಲ್‌ಫೋರ್ಡ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ನಡುವೆ ಒಬ್ಬ ದುಭಾಷಿ ನಿಂತು ಹೇಳಿಕೊಡುತ್ತಿದ್ದ. ರಾತ್ರಿ ತಂಡಕ್ಕೆ ಒಂದು ದೊಡ್ಡ ಅನುಕೂಲವಿತ್ತು. ಹಗಲಲ್ಲಿ ಬ್ರೌನಿಂಗ್ ತೆಗೆದ ಶಾಟ್‌ಗಳನ್ನು ನೋಡಿ, ಇದಕ್ಕಿಂತ ಚೆನ್ನಾಗಿ ಹೇಗೆ ತೆಗೆಯಬಹುದು ಎಂದು ಯೋಚಿಸಲು ಅವಕಾಶವಿತ್ತು. ಕ್ಯಾಮೆರಾ ಚಲನೆಯಲ್ಲಿ ಸ್ಪ್ಯಾನಿಷ್ ಚಿತ್ರ ಮುಂದಿರುವುದಕ್ಕೆ ಇದೇ ಮುಖ್ಯ ಕಾರಣ. ಎರಡನೆಯವನಾಗಿ ಬಂದವನಿಗೆ ಸಿಗುವ ಲಾಭ.

ಆದರೆ ಈ ಲಾಭ ನಟರಿಗೆ ಹಂಚಿಕೆಯಾಗಲಿಲ್ಲ. ಹಗಲಿನ ರಷಸ್ (ಆಯಾ ದಿನ ತೆಗೆದ, ಇನ್ನೂ ಸಂಕಲನವಾಗದ ಶಾಟ್‌ಗಳು) ನೋಡಲು ನಟರ ಪೈಕಿ ಬಿಟ್ಟದ್ದು ಡ್ರಾಕುಲಾ ಪಾತ್ರದ ಕಾರ್ಲೊಸ್ ವಿಯಾರಿಯಾಸ್ ಒಬ್ಬನನ್ನು ಮಾತ್ರ ಎಂಬುದು ಪ್ರಸಿದ್ಧ ವಿವರ. ಅದೂ ಲುಗೋಸಿಯಂತೆಯೇ ಮಾಡಲಿ ಎಂಬ ಉದ್ದೇಶದಿಂದ. ಅಂದರೆ ಇಡೀ ತಂಡದಲ್ಲಿ ಅನುಕರಣೆಯ ಹೊರೆ ಬಿದ್ದದ್ದು ಅವನೊಬ್ಬನ ಹೆಗಲಿಗೆ. ಉಳಿದವರು ತಮ್ಮ ಪಾತ್ರವನ್ನು ತಾವೇ ಕಟ್ಟಿಕೊಂಡರು. ಹೋಲಿಕೆಗೆ ಕೂರುವವರು ಇದನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು.

ಇನ್ನು ನೋಡುವ ಕ್ರಮ. ಎರಡು ಚಿತ್ರಗಳನ್ನೂ ಇಡಿಯಾಗಿ, ಒಂದಾದ ಮೇಲೊಂದು ನೋಡಿ ನಟನೆಯನ್ನು ಹೋಲಿಸಹೊರಟರೆ ಕೆಲಸ ಕೆಡುತ್ತದೆ. ಇಂಗ್ಲಿಷಿನದು ಸುಮಾರು 75 ನಿಮಿಷ, ಸ್ಪ್ಯಾನಿಷಿನದು ಸುಮಾರು 104. ಎರಡನೆಯದು ಮುಗಿಯುವ ಹೊತ್ತಿಗೆ ಆಯಾಸವೇ ಅಭಿಪ್ರಾಯವಾಗಿಬಿಡುತ್ತದೆ. ಐದಾರು ಜೋಡಿ ದೃಶ್ಯಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು: ಮೆಟ್ಟಿಲ ಮೇಲಿನ ಮೊದಲ ಭೇಟಿ, ವೈನ್ ಸುರಿಯುವ ದೃಶ್ಯ, ಹಡಗಿನ ಅಡಿಯ ನಗು, ಕನ್ನಡಿಯ ದೃಶ್ಯ, ಇಲಿಗಳ ಮಾತು, ಮಹಡಿಯ ಮೇಲೆ ಪ್ರೇಮಿಗಳಿಬ್ಬರೇ ಇರುವ ದೃಶ್ಯ. ಪ್ರತಿ ಜೋಡಿಯನ್ನೂ ಮೊದಲು ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಆಮೇಲೆ ಪರದೆಗೆ ಬೆನ್ನು ಹಾಕಿ ಧ್ವನಿ ಮಾತ್ರ ಕೇಳಿ. ಮೂರನೆಯ ಸಲ ಎರಡೂ ಸೇರಿಸಿ. ಸ್ಪ್ಯಾನಿಷ್ ದೃಶ್ಯಗಳಿಗೆ ಇನ್ನೊಂದು ಸುತ್ತು ಬೇಕು: ಒಮ್ಮೆ ಸಬ್‌ಟೈಟಲ್ ಇಟ್ಟು ಅರ್ಥ ಮಾಡಿಕೊಂಡ ಮೇಲೆ ಅದನ್ನು ತೆಗೆದುಹಾಕಿ ನೋಡಬೇಕು. ಕಣ್ಣು ಪರದೆಯ ಕೆಳಗಂಚಿನಲ್ಲಿ ಸಿಕ್ಕಿಕೊಂಡಿದ್ದರೆ ನಟನ ಕಣ್ಣು ಕಾಣುವುದಿಲ್ಲ. ‘ಸ್ಪ್ಯಾನಿಷ್ ನಟರು ಅತಿ ಮಾಡುತ್ತಾರೆ’ ಎಂಬ ದೂರಿನಲ್ಲಿ ಒಂದಷ್ಟು ಪಾಲು ಇದರದ್ದೇ. ಓದುವ ಕಣ್ಣಿನ ಅಂಚಿಗೆ ತಾಗುವುದು ದೊಡ್ಡ ಚಲನೆಗಳು ಮಾತ್ರ. ತುಟಿಯ ಸಣ್ಣ ಅದುರು ತಪ್ಪಿಹೋಗುತ್ತದೆ, ಬೀಸಿದ ತೋಳು ಉಳಿಯುತ್ತದೆ.

ಯಂತ್ರದ ಕಡೆಯಿಂದಲೂ ಮೋಸವಾಗುತ್ತದೆ. ಯುರೋಪಿನ ಹಳೆಯ ಪಾಲ್ (PAL) ಟಿವಿ ಪದ್ಧತಿಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರ 25 ಫ್ರೇಮಿನಂತೆ ಓಡುತ್ತದೆ, ಅಂದರೆ ಶೇಕಡಾ 4ರಷ್ಟು ವೇಗ ಹೆಚ್ಚು. 104 ನಿಮಿಷದ ಚಿತ್ರ ನೂರಕ್ಕೆ ಇಳಿಯುತ್ತದೆ, ಸರಿಪಡಿಸದಿದ್ದರೆ ಧ್ವನಿಯ ಶ್ರುತಿಯೂ ಅರ್ಧಸ್ವರದ (ಸೆಮಿಟೋನ್) ಸುಮಾರು ಮುಕ್ಕಾಲು ಪಾಲಿನಷ್ಟು ಏರುತ್ತದೆ. ಲುಗೋಸಿಯಂಥ ನಿಧಾನದ ನಟನಿಗೆ ಇದು ನೇರ ಹೊಡೆತ. ಒಂದು ಚಿತ್ರವನ್ನು ಪಾಲ್‌ನಲ್ಲೂ ಇನ್ನೊಂದನ್ನು ಬ್ಲೂ-ರೇಯಲ್ಲೂ ನೋಡಿ ಮೌನಗಳನ್ನು ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಟಿವಿಯಲ್ಲಿ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಎರಡರ ಧ್ವನಿಮಟ್ಟವನ್ನೂ ಒಂದೇ ಎತ್ತರಕ್ಕೆ ತನ್ನಿ. ಗಟ್ಟಿಯಾಗಿ ಕೇಳಿಸಿದ್ದು ತೀವ್ರವಾಗಿಯೂ ಕೇಳಿಸುತ್ತದೆ ಎಂಬುದು ಕಿವಿಯ ಹಳೇ ಚಾಳಿ. ಇಂಗ್ಲಿಷ್ ಚಿತ್ರಕ್ಕೆ ಫಿಲಿಪ್ ಗ್ಲಾಸ್ 1990ರ ದಶಕದ ಕೊನೆಯಲ್ಲಿ ಬರೆದ ಸಂಗೀತದ ಆಯ್ಕೆಯೂ ಕೆಲವು ಡಿಸ್ಕುಗಳಲ್ಲಿದೆ. ಸಂಗೀತ ಸೊಗಸಾಗಿದೆ, ಹೋಲಿಕೆಗೆ ಮಾತ್ರ ಬೇಡ. ಶೀರ್ಷಿಕೆಯಡಿಯ ಚೈಕೋವ್‌ಸ್ಕಿಯ ತುಣುಕು, ಸಂಗೀತ ಸಭೆಯ ದೃಶ್ಯ ಬಿಟ್ಟರೆ ಮೂಲ ಚಿತ್ರದಲ್ಲಿ ಹೆಚ್ಚೂಕಡಿಮೆ ಸಂಗೀತವೇ ಇಲ್ಲ. ಆ ಖಾಲಿತನವನ್ನು ನಟರೇ ತುಂಬಬೇಕಿತ್ತು.

ಮೆಟ್ಟಿಲಿನ ದೃಶ್ಯಕ್ಕೆ ಬರೋಣ. ಎರಡರಲ್ಲೂ ಅದೇ ಭಾರಿ ಹಜಾರ, ಅದೇ ಕಲ್ಲಿನ ಮೆಟ್ಟಿಲು, ಅದೇ ಜೇಡರ ಬಲೆ. ಇಂಗ್ಲಿಷಿನಲ್ಲಿ ಲುಗೋಸಿ ಮೇಣದಬತ್ತಿ ಹಿಡಿದು ಇಳಿಯುತ್ತಾನೆ, ನಿಲ್ಲುತ್ತಾನೆ, ತನ್ನ ಹೆಸರು ಹೇಳುತ್ತಾನೆ. ಕ್ಯಾಮೆರಾ ಅವನಿಗೆ ಹೆಚ್ಚಿನ ಸಹಾಯವನ್ನೇನೂ ಮಾಡುವುದಿಲ್ಲ. ಸ್ಪ್ಯಾನಿಷಿನಲ್ಲಿ ಕ್ಯಾಮೆರಾ ಮೆಟ್ಟಿಲೇರಿ ವಿಯಾರಿಯಾಸ್‌ನತ್ತ ತಾನೇ ಹೋಗುತ್ತದೆ. ಅದು ನಿಜಕ್ಕೂ ಬೆಚ್ಚಿಬೀಳಿಸುವ ಶಾಟ್. ಧ್ವನಿ ಆರಿಸಿ ನೋಡಿದಾಗ ಒಂದು ಅಂಶ ಹೊಳೆಯುತ್ತದೆ: ವಿಯಾರಿಯಾಸ್ ಈ ಶಾಟಿನಲ್ಲಿ ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಅವನು ಕಣ್ಣು ಅಗಲಿಸುತ್ತಾನೆ, ಹಲ್ಲು ಕಾಣುವಂತೆ ನಗುತ್ತಾನೆ. ಚಲಿಸುವ ಕ್ಯಾಮೆರಾ ಹೇಳುತ್ತಿದ್ದುದನ್ನೇ ಮುಖವೂ ಹೇಳಿದಾಗ ಭಯ ಇಮ್ಮಡಿಯಾಗುವ ಬದಲು ಅರ್ಧಕ್ಕಿಳಿಯುತ್ತದೆ. ಇಲ್ಲಿ ಸಿದ್ಧ ತೀರ್ಪು ಸರಿಯೇ: ಲುಗೋಸಿ ಗೆಲ್ಲುತ್ತಾನೆ.

ಗೆಲ್ಲುವುದು ಹೇಗೆ ಎಂಬುದು ಮುಖ್ಯ. ಲುಗೋಸಿ ಹಂಗರಿಯಲ್ಲಿ ರಂಗಭೂಮಿಯಲ್ಲಿ ಪಳಗಿದವನು, ಬುಡಾಪೆಸ್ಟ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಕೆಲಸ ಮಾಡಿದವನು. 1927ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾದ ಡ್ರಾಕುಲಾ ನಾಟಕದ 261 ಪ್ರದರ್ಶನಗಳಲ್ಲಿ ಇದೇ ಪಾತ್ರ ಅವನದಾಗಿತ್ತು. ಡ್ರಾಕುಲಾನ ಬೆನ್ನು ಹತ್ತುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಪಾತ್ರದ ಎಡ್ವರ್ಡ್ ವ್ಯಾನ್ ಸ್ಲೋನ್, ಡಾಕ್ಟರ್ ಸಿವಾರ್ಡ್ ಪಾತ್ರದ ಹರ್ಬರ್ಟ್ ಬನ್‌ಸ್ಟನ್ ಕೂಡ ಅದೇ ನಾಟಕದಿಂದ ಬಂದವರು. ಯಾವ ಮಾತಿನ ಮುಂದೆ ಎಷ್ಟು ತಡೆದರೆ ಸಭಾಂಗಣ ಉಸಿರು ಬಿಗಿಹಿಡಿಯುತ್ತದೆ ಎಂಬುದು ಅವನಿಗೆ ಮೈಗೂಡಿತ್ತು. ‘ಐ ನೆವರ್ ಡ್ರಿಂಕ್...’ ಎಂದು ನಿಲ್ಲಿಸಿ, ‘ವೈನ್’ ಎಂದು ಮುಗಿಸುವ ಮಾತನ್ನು ಎಲ್ಲರೂ ಅನುಕರಿಸುತ್ತಾರೆ. (ಬ್ರಾಮ್ ಸ್ಟೋಕರ್‌ನ ಮೂಲ ಕಾದಂಬರಿಯಲ್ಲಿ ಈ ಮಾತಿಲ್ಲ.) ಅನುಕರಿಸುವವರೆಲ್ಲ ಆ ತಡೆಯನ್ನು ಹಿಗ್ಗಿಸುತ್ತಾರೆ. ಲುಗೋಸಿಯದು ಅಷ್ಟು ಉದ್ದವಿಲ್ಲ, ಗಡಿಯಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಉದ್ದ ಎನಿಸುವುದಕ್ಕೆ ಕಾರಣ ಆ ಹೊತ್ತಿನಲ್ಲಿ ಮುಖದ ಯಾವ ಭಾಗವೂ ಅಲುಗದಿರುವುದು. ವಿಯಾರಿಯಾಸ್ ಆ ತಡೆಯ ಒಳಗೆ ಹುಬ್ಬು, ಕಣ್ಣು, ತುಟಿ ಮೂರಕ್ಕೂ ಕೆಲಸ ಕೊಡುತ್ತಾನೆ. ತಡೆ ಅಲ್ಲಿಗೆ ತುಂಬಿಹೋಗುತ್ತದೆ.

ಆದರೂ ಲುಗೋಸಿಗೆ ಪುಕ್ಕಟೆ ಸಿಕ್ಕದ್ದನ್ನು ಲೆಕ್ಕದಿಂದ ಕಳೆಯಬೇಕು. ಒಂದು, ಕಣ್ಣಿನ ಬೆಳಕು. ಫ್ರಾಯಿಂಡ್ ಸಣ್ಣ ಕಿರಣಗಳನ್ನು ಲುಗೋಸಿಯ ಎರಡು ಕಣ್ಣುಗಳ ಮೇಲೆ ಮಾತ್ರ ಬೀಳುವಂತೆ ಬಿಟ್ಟ. ಮುಖ ನೆರಳಿನಲ್ಲಿ, ಕಣ್ಣು ಮಾತ್ರ ಹೊಳಪಿನಲ್ಲಿ. ಕೆಲವು ಕ್ಲೋಸಪ್‌ಗಳಲ್ಲಿ ಕಿರಣ ಕೊಂಚ ಜಾರಿ ಬೇರೆಡೆ ಬಿದ್ದಿರುವುದೂ ಕಾಣುತ್ತದೆ. ನಟ ಕೂದಲೆಳೆಯಷ್ಟು ಕದಲಿದರೂ ಗುರಿ ತಪ್ಪುವ ಬೆಳಕು ಅದು. ಲುಗೋಸಿ ಕದಲದೆ ನಿಂತದ್ದು ಕಲೆಯೂ ಹೌದು, ಆ ಬೆಳಕಿನ ಕಟ್ಟಪ್ಪಣೆಯೂ ಹೌದು. ಫ್ರಾಯಿಂಡ್ ಬೆಳಕಿನಿಂದ ಮಾಡಿದ್ದನ್ನು ವಿಯಾರಿಯಾಸ್ ಬಹುಪಾಲು ತನ್ನ ರೆಪ್ಪೆಗಳಿಂದಲೇ ಮಾಡಬೇಕಾಯಿತು. ಅಗಲಿಸಿದ ಆ ಕಣ್ಣುಗಳನ್ನು ನೋಡಿ ನಗುವ ಮುನ್ನ ಇದು ನೆನಪಿರಲಿ.

ಎರಡನೆಯದು ಉಚ್ಚಾರಣೆ, ಹೆಚ್ಚು ಜನ ಗಮನಿಸದ ಸಂಗತಿ. ಇಂಗ್ಲಿಷ್ ಚಿತ್ರದಲ್ಲಿ ಕೌಂಟ್ ಡ್ರಾಕುಲಾ ಬಾಯಿ ತೆರೆದ ಕ್ಷಣವೇ ಇವನು ಪರದೇಶಿ ಎಂದು ಕಿವಿಗೆ ಗೊತ್ತಾಗುತ್ತದೆ. ಸ್ವರಗಳನ್ನು ಎಳೆಯುವ ರೀತಿ, ಒತ್ತು ಬೀಳಬಾರದ ಕಡೆ ಬೀಳುವ ಒತ್ತು, ಎಲ್ಲವೂ ಅವನನ್ನು ಲಂಡನ್ನಿನ ದಿವಾನಖಾನೆಯಲ್ಲಿ ಉಳಿದವರಿಂದ ಬೇರೆಯಾಗಿ ನಿಲ್ಲಿಸುತ್ತವೆ. ಸ್ಪ್ಯಾನಿಷ್ ಚಿತ್ರದಲ್ಲಿ ಆ ಗೆರೆಯೇ ಇಲ್ಲ. ವಿಯಾರಿಯಾಸ್ ಸ್ಪೇನಿನ ಕೊರ್ದೊಬಾದವನು. ನಾಯಕಿ ಲುಪಿತಾ ತೊವಾರ್ ಮೆಕ್ಸಿಕೊದ ಒಅಹಾಕಾದವಳು, ಪ್ರೊಫೆಸರ್ ಪಾತ್ರದ ಎದುವಾರ್ದೊ ಅರೊಸಮೇನಾ ಕೂಡ ಮೆಕ್ಸಿಕೊದವನು, ನಾಯಕ ಬ್ಯಾರಿ ನಾರ್ಟನ್ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನವನು. ಒಂದೊಂದು ಬಾಯಿಗೆ ಒಂದೊಂದು ಸೀಮೆಯ ಸ್ಪ್ಯಾನಿಷ್. ಎಲ್ಲರೂ ಬೇರೆ ಬೇರೆ ಕಡೆಯವರಂತೆ ಕೇಳಿಸುವಲ್ಲಿ ಕೌಂಟ್ ಒಬ್ಬನೇ ಹೊರಗಿನವನು ಎನಿಸುವುದು ಹೇಗೆ? ಲುಗೋಸಿಗೆ ಧ್ವನಿಯಿಂದಲೇ ಒದಗಿದ ದೂರವನ್ನು ವಿಯಾರಿಯಾಸ್ ಮುಖದಿಂದ, ಕೈಯಿಂದ, ನಗೆಯಿಂದ ಕಟ್ಟಬೇಕಾಯಿತು. ಪರದೆಗೆ ಬೆನ್ನು ಹಾಕಿ ಕೇಳುವ ಸುತ್ತಿನಲ್ಲಿ ಇದು ಸ್ಪಷ್ಟವಾಗುತ್ತದೆ: ಇಂಗ್ಲಿಷಿನಲ್ಲಿ ಕೌಂಟ್ ಯಾರೆಂದು ಕಣ್ಣು ಮುಚ್ಚಿಯೇ ಹೇಳಬಹುದು, ಸ್ಪ್ಯಾನಿಷಿನಲ್ಲಿ ಮಾತಿನ ಅರ್ಥ ಹಿಡಿದು ಹುಡುಕಬೇಕು.

ಕನ್ನಡಿಯ ದೃಶ್ಯದಲ್ಲಿ ವಿಯಾರಿಯಾಸ್ ಮೇಲಾಗಿದ್ದಾನೆ ಎಂಬುದು ನನ್ನ ಅನಿಸಿಕೆ. ಸಿಗರೇಟು ಪೆಟ್ಟಿಗೆಯ ಮುಚ್ಚಳದೊಳಗಿನ ಕನ್ನಡಿಯಲ್ಲಿ ಕೌಂಟ್‌ನ ಪ್ರತಿಬಿಂಬ ಕಾಣುತ್ತಿಲ್ಲ ಎಂದು ವ್ಯಾನ್ ಹೆಲ್ಸಿಂಗ್ ಕಂಡುಕೊಂಡು, ಪೆಟ್ಟಿಗೆಯನ್ನು ಅವನ ಎದುರೇ ತೆರೆಯುತ್ತಾನೆ. ಲುಗೋಸಿ ಕೈಯಿಂದ ಹೊಡೆದು ಬೀಳಿಸುತ್ತಾನೆ, ಮರುಕ್ಷಣವೇ ಸಾವರಿಸಿಕೊಂಡು ಕ್ಷಮೆ ಕೇಳುತ್ತಾನೆ. ವಿಯಾರಿಯಾಸ್ ಕೈಗೋಲಿನಿಂದ ಅಪ್ಪಳಿಸಿ ಪುಡಿಮಾಡುತ್ತಾನೆ. ಲುಗೋಸಿಯದು ಸಂಭಾವಿತನ ಮುಖವಾಡ ಒಂದು ಕ್ಷಣ ಜಾರಿದಂತೆ; ವಿಯಾರಿಯಾಸ್‌ನದು ಮುಖವಾಡವೇ ಹರಿದಂತೆ. ಅಲ್ಲಿಯವರೆಗೆ ಅವನು ಮಾಡಿದ ಅತಿಯಾದ ನಗು, ಅತಿಯಾದ ವಿನಯ ಎಲ್ಲಕ್ಕೂ ಇಲ್ಲಿ ಬೆಲೆ ಸಿಗುತ್ತದೆ, ಏಕೆಂದರೆ ಒಡೆಯಲು ಏನೋ ಇದೆ. ಲುಗೋಸಿ ಮೊದಲಿನಿಂದಲೂ ಅಷ್ಟು ಬಿಗಿಯಾಗಿರುವುದರಿಂದ ಸಿಟ್ಟಿಗೆ ಹೆಚ್ಚು ಅಂತರ ಉಳಿದಿಲ್ಲ. ಕ್ಷಮೆ ಕೇಳುವ ಸಾಲಿನಲ್ಲಿ ಮಾತ್ರ ಅವನ ರಂಗಾನುಭವ ಮತ್ತೆ ಮೇಲೇಳುತ್ತದೆ.

ಶವಪೆಟ್ಟಿಗೆಯಿಂದ ಏಳುವ ದೃಶ್ಯವನ್ನು ನಟನೆಯ ಹೋಲಿಕೆಗೆ ತರಲೇಬಾರದು. ಬ್ರೌನಿಂಗ್ ಕೈ ಹೊರಬರುವುದನ್ನು ತೋರಿಸಿ ಕ್ಯಾಮೆರಾ ಬೇರೆಡೆ ತಿರುಗಿಸುತ್ತಾನೆ, ಮರಳಿ ಬರುವಷ್ಟರಲ್ಲಿ ಲುಗೋಸಿ ನಿಂತಾಗಿದೆ. ಸ್ಪ್ಯಾನಿಷಿನಲ್ಲಿ ಪೆಟ್ಟಿಗೆಯಿಂದ ಹೊಗೆ ಏಳುತ್ತದೆ, ಹೊಗೆಯೊಳಗಿಂದ ಕೌಂಟ್ ಏಳುತ್ತಾನೆ. ಮೊದಲನೆಯದರಲ್ಲಿ ನಟನೆ ಇಲ್ಲ, ಎರಡನೆಯದರಲ್ಲಿ ಹೊಗೆಯದೇ ನಟನೆ.

ಈಗ ರೆನ್‌ಫೀಲ್ಡ್. ಇಂಗ್ಲಿಷಿನಲ್ಲಿ ಡ್ವೈಟ್ ಫ್ರೈ, ಸ್ಪ್ಯಾನಿಷಿನಲ್ಲಿ ಪಾಬ್ಲೊ ಆಲ್ವಾರೆಸ್ ರುಬಿಯೊ. ಯಾವ ಜೋಡಿಯೂ ಇಷ್ಟು ಸಮಬಲದ್ದಲ್ಲ. ಇಬ್ಬರಿಗೂ ಪಾತ್ರದ ಎರಡು ತುದಿಗಳನ್ನು ಜೋಡಿಸಬೇಕಾದ ಕಷ್ಟ: ಮೊದಲು ಕಾಗದಪತ್ರ ಹಿಡಿದು ಬರುವ ಅಚ್ಚುಕಟ್ಟಿನ ವ್ಯವಹಾರಸ್ಥ, ಆಮೇಲೆ ನೊಣ ಜೇಡ ತಿನ್ನುವ ಹುಚ್ಚ. ಫ್ರೈ ಮೊದಲ ಭಾಗದಲ್ಲೇ ನಾಜೂಕಿನ ಒಂದು ಅತಿಯನ್ನು ಬೆರೆಸಿಡುತ್ತಾನೆ. ಅವನ ನಯವೇ ಸ್ವಲ್ಪ ಕಿರಿಕಿರಿ. ಹಡಗು ಬಂದರು ಸೇರಿದ ಮೇಲೆ ಅಡಿಯಿಂದ ಮೇಲೆ ನೋಡುತ್ತ ಅವನು ನಗುವ ಆ ಪ್ರಸಿದ್ಧ ಶಾಟನ್ನು ಧ್ವನಿ ಆರಿಸಿ ನೋಡಿದರೆ ಅದು ನಗುವೇ ಅಲ್ಲ: ಹಲ್ಲು ಬಿಗಿದಿವೆ, ಕಣ್ಣು ಬೇಡುತ್ತಿವೆ, ಮೈ ಸ್ತಬ್ಧವಾಗಿದೆ. ಧ್ವನಿ ಸೇರಿಸಿದಾಗ ಗಂಟಲೊಳಗಿಂದ ಏರುವ ಒಂದೇ ಎಳೆಯ ನರಳಿಕೆ ಕೇಳುತ್ತದೆ. ಮೈ ಒಂದನ್ನು ಹೇಳುತ್ತದೆ, ದನಿ ಇನ್ನೊಂದನ್ನು. ಎರಡನ್ನೂ ಬೇರೆ ಬೇರೆಯಾಗಿ ದುಡಿಸಿ ಒಂದೇ ಕ್ಷಣದಲ್ಲಿ ಹೊಂದಿಸುವುದು ಕಠಿಣ ಕಸುಬು.

ಆಲ್ವಾರೆಸ್ ರುಬಿಯೊ ಹುಚ್ಚನ್ನು ಬಿಚ್ಚಿಬಿಡುತ್ತಾನೆ. ಅವನ ನಗು ಚೀರಾಟವಾಗುತ್ತದೆ, ಚೀರಾಟ ಅಳುವಾಗುತ್ತದೆ. ಮೇಲ್ನೋಟಕ್ಕೆ ಇದು ಅತಿ. ಆದರೆ ಹುಚ್ಚಾಸ್ಪತ್ರೆಯ ದೃಶ್ಯಗಳಲ್ಲಿ ಅವನು ಫ್ರೈಗೆ ದಕ್ಕದ ಒಂದನ್ನು ಸಾಧಿಸುತ್ತಾನೆ: ಭಯ. ಫ್ರೈನ ರೆನ್‌ಫೀಲ್ಡ್ ಒಡೆಯನ ಭಕ್ತ, ತನ್ನ ಹುಚ್ಚಿನಲ್ಲಿ ಒಂದು ಬಗೆಯ ಹೆಮ್ಮೆ ಇರುವವನು. ಆಲ್ವಾರೆಸ್ ರುಬಿಯೊನ ರೆನ್‌ಫೀಲ್ಡ್ ಸಿಕ್ಕಿಬಿದ್ದವನು. ಕ್ಷಣಮಾತ್ರ ತಿಳಿ ಬಂದಾಗ ತಾನೇನಾಗಿದ್ದೇನೆ ಎಂಬ ಅರಿವು ಮುಖದ ಮೇಲೆ ಹಾದುಹೋಗುತ್ತದೆ. ಸ್ಪ್ಯಾನಿಷ್ ಚಿತ್ರದ ಉದ್ದನೆಯ ಶಾಟ್‌ಗಳು ಇದಕ್ಕೆ ಎಡೆ ಕೊಡುತ್ತವೆ: ಒಂದು ಮನಃಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದನ್ನು ನಡುವೆ ಕತ್ತರಿಸದೆ ತೋರಿಸುತ್ತವೆ. ಫ್ರೈಗೆ ಆ ಸಮಯ ಸಿಕ್ಕಿಲ್ಲ. ಮೂರ್ಛೆ ಹೋದ ಸೇವಕಿಯತ್ತ ರೆನ್‌ಫೀಲ್ಡ್ ಅಂಬೆಗಾಲಿಡುತ್ತ ಹೋಗುವ ದೃಶ್ಯ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲಿಷಿನಲ್ಲಿ ಅವನು ಅವಳ ಹತ್ತಿರ ತಲುಪುವಷ್ಟರಲ್ಲಿ ದೃಶ್ಯವೇ ಮುಗಿಯುತ್ತದೆ, ಅವನಿಗೆ ಬೇಕಾಗಿದ್ದದ್ದು ಏನೆಂದು ತಿಳಿಯುವುದಿಲ್ಲ. ಸ್ಪ್ಯಾನಿಷಿನಲ್ಲಿ ಅವನು ಹೋಗುತ್ತಿದ್ದುದು ಒಂದು ನೊಣಕ್ಕಾಗಿ ಎಂದು ಗೊತ್ತಾಗುತ್ತದೆ. ನೋಡುಗನನ್ನು ಹೆದರಿಸುವುದರಲ್ಲಿ ಇಂಗ್ಲಿಷಿನದೇ ಮೇಲು. ಪಾತ್ರಕ್ಕೆ ಸ್ಪ್ಯಾನಿಷಿನದು ಮೇಲು, ಏಕೆಂದರೆ ರಕ್ತಪಿಪಾಸು ಅಂದುಕೊಂಡವನು ಒಮ್ಮೆಗೇ ದಯನೀಯನಾಗಿಬಿಡುತ್ತಾನೆ.

ಸಾವಿರಾರು, ಲಕ್ಷಾಂತರ ಇಲಿಗಳನ್ನು ಒಡೆಯ ತನಗೆ ತೋರಿಸಿದ ಎಂದು ರೆನ್‌ಫೀಲ್ಡ್ ಹೇಳುವ ಮಾತಿನಲ್ಲಿ ಮಾತ್ರ ಫ್ರೈಗೆ ಎದುರಿಲ್ಲ. ಪರದೆಯ ಮೇಲೆ ಒಂದೂ ಇಲಿ ಇಲ್ಲ. ಅವನು ದನಿ ತಗ್ಗಿಸುತ್ತಾನೆ, ಗುಟ್ಟು ಹೇಳುವವನಂತೆ ಮುಂದಕ್ಕೆ ಬಾಗುತ್ತಾನೆ. ಕೇಳುಗ ಕಿವಿ ಚಾಚಲೇಬೇಕು. ಆಲ್ವಾರೆಸ್ ರುಬಿಯೊ ಅದೇ ಮಾತಿಗೆ ಬೇಗನೆ ಎತ್ತರಕ್ಕೆ ಏರಿಬಿಡುತ್ತಾನೆ, ಏರಿದ ಮೇಲೆ ಹೋಗಲು ಜಾಗವಿರುವುದಿಲ್ಲ.

ಮೀನಾ ಮತ್ತು ಏವಾ. ಇಂಗ್ಲಿಷಿನ ಮೀನಾ ಹೆಲೆನ್ ಚಾಂಡ್ಲರ್. ಸ್ಪ್ಯಾನಿಷಿನಲ್ಲಿ ಪಾತ್ರದ ಹೆಸರು ಏವಾ, ಮಾಡಿದವಳು ಆಗ 20ರ ಲುಪಿತಾ ತೊವಾರ್. ತೊವಾರ್‌ಳ ಕುತ್ತಿಗೆ ಇಳಿದ ತೆಳು ನಿಲುವಂಗಿಯ ಬಗ್ಗೆ ಬರೆದವರೆಷ್ಟೋ, ಅವಳ ನಟನೆಯ ಬಗ್ಗೆ ಬರೆದವರು ಅಷ್ಟಿಲ್ಲ. ಬೇಸರದ ವಿಷಯ. ಅವಳು ಮಾಡಿದ್ದು ಏನೆಂದರೆ, ಪಾತ್ರಕ್ಕೆ ಎರಡು ಬೇರೆ ಬೇರೆ ವೇಗಗಳನ್ನು ಕೊಟ್ಟದ್ದು. ಮೊದಲರ್ಧದ ಏವಾ ಸಾಮಾನ್ಯ ಹುಡುಗಿ, ಮೆಲ್ಲಗೆ ಮಾತಾಡುವವಳು, ಕನಸಿನಿಂದ ಕಂಗೆಟ್ಟವಳು. ಕೌಂಟ್‌ನ ರಕ್ತ ಅವಳೊಳಗೆ ಇಳಿದ ಮೇಲೆ ಅವಳು ಚುರುಕಾಗುತ್ತಾಳೆ. ಕಣ್ಣು ಹೊಳೆಯುತ್ತವೆ, ನಗು ಬೇಗ ಬರುತ್ತದೆ, ಮಾತು ಒಂದರ ಬೆನ್ನಿಗೆ ಇನ್ನೊಂದು. ಕಾಯಿಲೆಯೇ ಆರೋಗ್ಯದಂತೆ ಕಾಣುವ ಹೊತ್ತು ಅದು. ಪಕ್ಕದಲ್ಲಿರುವ ಹುಡುಗ ಅವಳು ಗುಣವಾದಳೆಂದು ಖುಷಿಪಡುತ್ತಿರುವಾಗಲೇ ಅವಳ ನೋಟ ಅವನ ಕಣ್ಣಿನಿಂದ ಕೊರಳಿಗೆ ಇಳಿಯುತ್ತದೆ. ನಂತರದ ಎರಗುವಿಕೆಯಲ್ಲಿ ತೊವಾರ್ ತಡೆ ಹಿಡಿಯುವುದಿಲ್ಲ.

ಚಾಂಡ್ಲರ್‌ಳ ದಾರಿ ಪೂರ್ತಿ ಬೇರೆ. ಅವಳ ಮೀನಾ ಕಾಯಿಲೆಯಿಂದ ಚುರುಕಾಗುವುದಿಲ್ಲ, ದೂರವಾಗುತ್ತಾಳೆ. ಕಣ್ಣು ಎದುರಿನವನನ್ನು ದಾಟಿ ಹಿಂದಿನ ಏನನ್ನೋ ನೋಡುತ್ತಿರುತ್ತವೆ, ದನಿ ತೆಳ್ಳಗೆ, ಏರಿಳಿತವಿಲ್ಲದೆ ಬರುತ್ತದೆ. ಇದನ್ನು ನೀರಸ ಎನ್ನುವವರು ತನ್ನ ತೋಳಿನ ನರ ತೆರೆದು ಡ್ರಾಕುಲಾ ತನಗೆ ಕುಡಿಸಿದ ಎಂದು ಅವಳು ಹೇಳುವ ಸಾಲನ್ನು ಇನ್ನೊಮ್ಮೆ ಕೇಳಬೇಕು. ಅಷ್ಟು ಹೊತ್ತು ಒಂದೇ ಎತ್ತರದಲ್ಲಿದ್ದ ದನಿ ಅಲ್ಲಿ ಒಡೆಯುತ್ತದೆ, ಹಿಂದಿನ ಸಪ್ಪೆತನವೆಲ್ಲ ಅದಕ್ಕೆ ಕೂಡಿಟ್ಟ ಬಂಡವಾಳ ಎಂದು ತಿಳಿಯುತ್ತದೆ. ತೊಂದರೆ ಏನೆಂದರೆ ಬ್ರೌನಿಂಗ್ ಅವಳಿಗೆ ಆಕ್ರಮಣವನ್ನು ಕೊಡಲಿಲ್ಲ. ಮಹಡಿಯ ದೃಶ್ಯದಲ್ಲಿ ಅವಳು ಹುಡುಗನತ್ತ ಬಾಗುವುದು ಕಾಣುತ್ತದೆ, ಉಳಿದದ್ದು ನಮ್ಮ ಊಹೆಗೆ. ಇಬ್ಬರಲ್ಲಿ ಒಬ್ಬಳನ್ನು ಆರಿಸಿ ಎಂದರೆ ನಾನು ತೊವಾರ್ ಎನ್ನುತ್ತೇನೆ, ಬದಲಾವಣೆಯನ್ನು ಹಂತಹಂತವಾಗಿ ತೋರಿಸಿದ್ದಕ್ಕೆ. ಆದರೆ ಗೆಲುವಿನ ಅಂತರ ಜನ ಹೇಳುವಷ್ಟು ದೊಡ್ಡದಲ್ಲ, ಮತ್ತು ಅದರಲ್ಲಿ ಸಂಕಲನದ ಪಾಲೂ ಇದೆ.

ವ್ಯಾನ್ ಹೆಲ್ಸಿಂಗ್‌ನ ವಿಷಯ ಬೇಗ ಹೇಳಿ ಮುಗಿಸಬಹುದು: ವ್ಯಾನ್ ಸ್ಲೋನ್ ಮುಂದೆ ಅರೊಸಮೇನಾ ನಿಲ್ಲುವುದಿಲ್ಲ. ಡ್ರಾಕುಲಾ ಕೈ ಚಾಚಿ ಹತ್ತಿರ ಬಾ ಎಂದು ಕರೆವ ದೃಶ್ಯದಲ್ಲಿ ವ್ಯಾನ್ ಸ್ಲೋನ್‌ನ ಕಾಲುಗಳನ್ನು ನೋಡಿ. ಮೈ ಮುಂದಕ್ಕೆ ಸೆಳೆದುಕೊಂಡು ಹೋಗುತ್ತದೆ, ಒಂದೆರಡು ಹೆಜ್ಜೆಯ ಮೇಲೆ ನಿಂತು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮುಖದಲ್ಲಿ ದೊಡ್ಡ ಪ್ರದರ್ಶನವಿಲ್ಲ. ಲುಗೋಸಿಯ ಜೊತೆ ಇದೇ ಕ್ಷಣವನ್ನು ರಂಗದ ಮೇಲೆ ಎಷ್ಟೋ ಸಲ ಆಡಿದ್ದರ ಫಲ ಅದು. ಎದುರಾಳಿ ಎಷ್ಟು ಬಲ ಹಾಕುತ್ತಾನೆಂದು ಗೊತ್ತಿದ್ದವನಿಗೆ ಮಾತ್ರ ಅಷ್ಟು ಕಡಿಮೆಯಲ್ಲಿ ತಡೆಯಲು ಸಾಧ್ಯ. ಅರೊಸಮೇನಾ ಹೆಚ್ಚು ಬೆಚ್ಚಗಿನ, ಅಜ್ಜನಂಥ ಪ್ರೊಫೆಸರ್. ಹಟಕ್ಕೆ ಹಟ ಬಿದ್ದಾಗ ಅವನೂ ವಿಯಾರಿಯಾಸ್‌ನೂ ಒಟ್ಟಿಗೇ ಕಣ್ಣರಳಿಸುತ್ತಾರೆ, ಯಾರು ಯಾರನ್ನು ಸೆಳೆಯುತ್ತಿದ್ದಾರೆ ಎಂಬುದೇ ಮಸುಕಾಗುತ್ತದೆ. ದುಭಾಷಿಯ ಮೂಲಕ ನಿರ್ದೇಶನ ನಡೆದಾಗ ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಎಂಬುದು ದಾಟುತ್ತದೆ, ಎಷ್ಟು ತಗ್ಗಿಸಬೇಕು ಎಂಬುದು ದಾಟುವುದು ಕಷ್ಟ. ನಾಯಕರಾದ ಡೇವಿಡ್ ಮ್ಯಾನರ್ಸ್, ಬ್ಯಾರಿ ನಾರ್ಟನ್ ಇಬ್ಬರಿಗೂ ಗಾಬರಿಪಡುವುದನ್ನು ಬಿಟ್ಟರೆ ಕೆಲಸವಿಲ್ಲ. ಇಬ್ಬರೂ ಅದನ್ನು ಸಮನಾಗಿಯೇ ಮಾಡಿದ್ದಾರೆ.

ಹೆಚ್ಚುವರಿ 29 ನಿಮಿಷ ಎಲ್ಲಿಗೆ ಹೋಯಿತು? ಹೊಸ ಘಟನೆಗಳಿಗೆ ಹೋದದ್ದು ಸ್ವಲ್ಪ. ಬಹುಪಾಲು ಹೋದದ್ದು ಮಾತು ಮುಗಿಯುವವರೆಗೆ ಕಾಯುವುದಕ್ಕೆ, ಕೋಣೆ ದಾಟುವುದನ್ನು ಪೂರ್ತಿ ತೋರಿಸುವುದಕ್ಕೆ, ಕೇಳಿಸಿಕೊಂಡವನ ಮುಖಕ್ಕೆ ಒಂದು ಶಾಟ್ ಕೊಡುವುದಕ್ಕೆ. ನಟರಿಗೆ ಇದು ವರವೂ ಹೌದು, ಬಲೆಯೂ ಹೌದು. ಆಲ್ವಾರೆಸ್ ರುಬಿಯೊ, ತೊವಾರ್ ಇಬ್ಬರೂ ಆ ಸಮಯದಲ್ಲಿ ಬೆಳೆಯುತ್ತಾರೆ. ವಿಯಾರಿಯಾಸ್ ಬರಿದಾಗುತ್ತಾನೆ, ಏಕೆಂದರೆ ಅವನ ಬಳಿ ಇರುವುದು ಬೆರಳೆಣಿಕೆಯ ಮುಖಭಾವಗಳು ಮತ್ತು ಅವು ಮರುಕಳಿಸುತ್ತವೆ. ಲುಗೋಸಿಯ ಬಳಿಯೂ ಅಷ್ಟೇ ಇದ್ದವು. ಅವನನ್ನು 75 ನಿಮಿಷದ ಚಿತ್ರ ಕಾಪಾಡಿತು. ಮರುಕಳಿಸುವ ಮೊದಲೇ ದೃಶ್ಯ ಬದಲಾಗುತ್ತದೆ.

ಪ್ರಿಂಟಿನ ಬಗ್ಗೆಯೂ ಒಂದು ಎಚ್ಚರಿಕೆ. ಸ್ಪ್ಯಾನಿಷ್ ಚಿತ್ರ ದಶಕಗಳ ಕಾಲ ಮರೆಯಾಗಿತ್ತು. ಅಮೆರಿಕದಲ್ಲಿ ಉಳಿದಿದ್ದ ಸಾಮಗ್ರಿಯಲ್ಲಿ ಮೂರನೆಯ ರೀಲು ಕೊಳೆತುಹೋಗಿತ್ತು. ಆ ಭಾಗ ಕ್ಯೂಬಾದ ಚಿತ್ರಸಂಗ್ರಹದ ಪ್ರಿಂಟಿನಿಂದ ಬಂದು, 1990ರ ದಶಕದ ಆರಂಭದಲ್ಲಿ ಚಿತ್ರ ಮತ್ತೆ ಇಡಿಯಾಗಿ ಹೊರಬಂತು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೂ ಸೇರಿತು. ಇಂಗ್ಲಿಷ್ ಚಿತ್ರ 2000ದಲ್ಲೇ ಸೇರಿತ್ತು. ಆ ರೀಲಿನ ಭಾಗದಲ್ಲಿ ಚಿತ್ರ ಮಸುಕು, ಬಿಳುಪು ಹೆಚ್ಚು. ಅಲ್ಲಿ ಕಣ್ಣಿನ ಸೂಕ್ಷ್ಮ ಕಾಣುತ್ತಿಲ್ಲ ಎಂದರೆ ನಟನನ್ನು ದೂರಬಾರದು. ಉಳಿದ ಭಾಗಗಳಲ್ಲಿ ಲೆಕ್ಕ ತಲೆಕೆಳಗು: 2012ರ ಬ್ಲೂ-ರೇ ಮುನ್ನ ಸುತ್ತಾಡುತ್ತಿದ್ದ ಇಂಗ್ಲಿಷ್ ಪ್ರತಿಗಳು ಸವೆದು ಮಂಕಾಗಿದ್ದವು, ಸ್ಪ್ಯಾನಿಷಿನವು ಗರಿಗರಿಯಾಗಿದ್ದವು. ಸ್ಪ್ಯಾನಿಷ್ ಚಿತ್ರಕ್ಕೆ 1990ರ ದಶಕದಲ್ಲಿ ಸಿಕ್ಕ ಹೊಗಳಿಕೆಯಲ್ಲಿ ಒಂದು ಪಾಲು ಹೊಳೆಯುವ ನೆಗೆಟಿವಿಗೆ ಸಲ್ಲಬೇಕು ಎಂಬುದು ನನ್ನ ಗುಮಾನಿ.

ಕೊನೆಯ ಜೋಡಿ ದೃಶ್ಯವೊಂದನ್ನು ಬಿಡಬಾರದು. ರಕ್ತಪಿಶಾಚಿಯಾದ ಮೀನಾಳ ಗೆಳತಿ ಲೂಸಿಗೆ ಮುಕ್ತಿ ಕೊಡುತ್ತೇನೆಂದು ವ್ಯಾನ್ ಹೆಲ್ಸಿಂಗ್ ಮಾತು ಕೊಡುತ್ತಾನೆ. ಇಂಗ್ಲಿಷ್ ಚಿತ್ರ ಆಮೇಲೆ ಅವಳ ಸುದ್ದಿಯನ್ನೇ ಎತ್ತುವುದಿಲ್ಲ. ಸ್ಪ್ಯಾನಿಷಿನಲ್ಲಿ ಪ್ರೊಫೆಸರ್ ಮತ್ತು ಹುಡುಗ ಆ ಕೆಲಸ ಮುಗಿಸಿ ಸಮಾಧಿಯಿಂದ ಹೊರಬರುವುದನ್ನು ತೋರಿಸಿದ್ದಾರೆ. ಸಣ್ಣ ದೃಶ್ಯ, ಹೆಚ್ಚು ಮಾತಿಲ್ಲ. ಅದುವರೆಗೆ ಎಲ್ಲವನ್ನೂ ಕಣ್ಣಿನಿಂದಲೇ ಹೇಳುತ್ತಿದ್ದ ಅರೊಸಮೇನಾ ಇಲ್ಲಿ ದಣಿದ ಮುದುಕನಾಗಿ ನಡೆಯುತ್ತಾನೆ, ನಾರ್ಟನ್‌ಗೂ ಗಾಬರಿಯ ಹೊರತಾದ ಒಂದು ಭಾವ ಮೊದಲ ಸಲ ಸಿಗುತ್ತದೆ. ಮ್ಯಾನರ್ಸ್ ಮತ್ತು ವ್ಯಾನ್ ಸ್ಲೋನ್ ಇಂಥದ್ದೇ ದೃಶ್ಯವನ್ನು ಹೇಗೆ ಮಾಡುತ್ತಿದ್ದರು ಎಂದು ಹೋಲಿಸಲು ಇಂಗ್ಲಿಷ್ ಚಿತ್ರದಲ್ಲಿ ಏನೂ ಉಳಿದಿಲ್ಲ.